ಅತ್ತೆಯವರ ಹೆಬ್ಬೆರಳು ಮತ್ತು ಹಾರುವ ಆಟ

ಭಾನುವಾರ ಮಧ್ಯಾಹ್ನ ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದಾಗ ಒಳಗಿನ ಕೋಣೆಯಿಂದ ‘ಟುಂಯ್’ ಎಂದಿತು, ತಾಮ್ರದ ಚೊಂಬಿಗೆ ಯಾರೋ ಗೆಜ್ಜೆಯ ಮಣಿಯೊಂದನ್ನು ಹಾಕಿದ ಹಾಗೆ. ಮತ್ತೊಮ್ಮೆ ‘ಟುಂಯ್’. ಆಮೇಲೆ ಯಾರೋ ಹಳ್ಳಕ್ಕೆ ಬಿದ್ದ ಹಾಗೆ ಸದ್ದು. ನನ್ನ ಕೈ ಹಾಗೇ ನಿಂತಿತು. ನಿಮಗೂ ಹೀಗಾಗುತ್ತದೋ ಏನೋ, ನನಗೆ ಮುಖಗಳು ಮರೆತುಹೋಗುತ್ತವೆ, ಸದ್ದುಗಳು ಮಾತ್ರ ಬಿಟ್ಟುಹೋಗುವುದಿಲ್ಲ.

“ಅಮ್ಮಾ, ಬಾ ಇಲ್ಲಿ. ನಿನಗೋಸ್ಕರಾನೇ ಹಾಕಿದೀನಿ,” ಎಂದಳು ಸುಮಾ. ಸುಮಾ ನಮ್ಮ ಒಬ್ಬಳೇ ಮಗಳು. ಪುಲಿಕೇಶಿನಗರದ ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುತ್ತಾಳೆ. ವಾರವೆಲ್ಲ ಮಕ್ಕಳ ಗಲಾಟೆ, ಭಾನುವಾರ ನನ್ನ ಮೇಲೆ ಪ್ರಯೋಗ.

“ಈ ವಯಸ್ಸಲ್ಲಿ ನನಗ್ಯಾಕೆ ಆಟ?”

“ಡಾಕ್ಟ್ರು ಬೆರಳು ಆಡಿಸ್ತಾ ಇರಿ ಅಂದಿದಾರಲ್ಲ?”

“ಆಡಿಸ್ತಾನೇ ಇದೀನಲ್ಲ. ದಿನಾ ಚಪಾತಿ ಲಟ್ಟಿಸ್ತಿರೋದು ಯಾರು, ನಿಮ್ಮಪ್ಪನಾ?”

ಪೇಪರಿನ ಹಿಂದಿನಿಂದ ನಮ್ಮ ಯಜಮಾನರು, “ನನ್ನನ್ನ ಯಾಕೆ ಎಳೀತೀಯೇ ಮಧ್ಯೆ?” ಎಂದರು.

ಸುಮಾ ಮೆಲ್ಲಗೆ ಕೇಳಿದಳು, “ಅಜ್ಜಿ ಆಡಿರ್ಲಿಲ್ವಾ ಅಮ್ಮ?”

ಹುರುಳಿಕಾಯಿಯ ತಟ್ಟೆ ಬದಿಗಿಟ್ಟು ಎದ್ದೆ. ಈಚೆಗೆ ಬೆಳಗ್ಗೆ ಎದ್ದರೆ ನನ್ನ ಬಲಗೈ ಹೆಬ್ಬೆರಳು ಮಡಚಲು ಬರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಸ್ವಲ್ಪ ಬೇಡಿಕೊಂಡರೆ ಮಾತು ಕೇಳುತ್ತದೆ. ಎಡಗೈ ಚೆನ್ನಾಗಿದೆ, ಅದು ದೇವರ ದಯೆ.

ಅಜ್ಜಿ ಎಂದರೆ ನನ್ನ ಅತ್ತೆ. ಆಗ ನಾವು ಕೃಷ್ಣರಾಜಪುರದ ಹತ್ತಿರ ಯಜಮಾನರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಮುಂದಿನ ಕೋಣೆಯಲ್ಲೇ ಒಂದು ಗೋಡೆಗೆ ದೇವರ ಗೂಡು, ಎದುರು ಗೋಡೆಗೆ ಟಿ.ವಿ. ಜಾಗ ಇದ್ದದ್ದೇ ಅಷ್ಟು. “ದೇವರಿಗೂ ಹೊತ್ತು ಹೋಗ್ಬೇಕಲ್ಲ, ನೋಡ್ಲಿ ಬಿಡಿ,” ಎಂದು ನಾನೊಮ್ಮೆ ತಮಾಷೆ ಮಾಡಿ ಅತ್ತೆಯವರಿಂದ ಬೈಸಿಕೊಂಡಿದ್ದೆ.

ಸುಮಾ ತೀರ ಸಣ್ಣವಳಿದ್ದಾಗ ಟೈಫಾಯ್ಡ್ ಬಂದು ಕಣ್ಣು ತೆರೆಯದೆ ಮಲಗಿಬಿಟ್ಟಿದ್ದಳು. ಆಗ ಅತ್ತೆಯವರು, ಮಗು ಉಳಿದರೆ ಹಲಸೂರಿನ ಈಶ್ವರನಿಗೆ ಕಾರ್ತಿಕದಲ್ಲಿ ಲಕ್ಷಬತ್ತಿ ಹಚ್ಚುತ್ತೇನೆ ಎಂದು ಹರಕೆ ಹೊತ್ತರು. ಮಗು ಉಳಿಯಿತು. ಲಕ್ಷಬತ್ತಿ ಎಂದರೆ ಅಂಗಡಿಯಿಂದ ತಂದು ಸುರಿಯುವುದಲ್ಲ. ಹತ್ತಿಯ ಬೀಜ ತೆಗೆದು, ಎಳೆ ಬಿಡಿಸಿ, ಬೆರಳ ತುದಿಗೆ ವಿಭೂತಿ ಹಚ್ಚಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು, ಒಂದೊಂದು ಹೂಬತ್ತಿಯನ್ನೂ ಹರಕೆ ಹೊತ್ತವರ ಕೈಯೇ ಮಾಡಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ. ಅತ್ತೆಯವರ ಬತ್ತಿಗಳೆಲ್ಲ ಮಲ್ಲಿಗೆ ಮೊಗ್ಗಿನ ಹಾಗೆ ಒಂದೇ ಅಳತೆ. ಕಟ್ಟು ಕಟ್ಟಿ ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದರು. ಡಬ್ಬಿ ಮುಕ್ಕಾಲು ತುಂಬಿದ್ದಾಗ ಒಂದು ಬೆಳಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಲಕ್ವ ಹೊಡೆದಿತ್ತು. ಮಾತು ಉಳಿಯಿತು, ಕಾಲು ನಿಧಾನವಾಗಿ ಬಂತು, ಬಲಗೈ ಮಾತ್ರ ಹೋಯಿತು.

ಆ ಕಾಲದ ನನ್ನ ದಿನಗಳನ್ನು ಈಗ ನೆನೆದರೂ ಸುಸ್ತಾಗುತ್ತದೆ. ನಲ್ಲಿಯಲ್ಲಿ ನೀರು ಬಂದಾಗ ಹಿಡಿಯಬೇಕು, ಇವರ ಶಿಫ್ಟಿಗೆ ಡಬ್ಬಿ ಕಟ್ಟಬೇಕು, ಸುಮಾಳಿಗೆ ಜಡೆ ಹಾಕಬೇಕು, ಅತ್ತೆಯವರ ಸ್ನಾನ, ಊಟ, ಎಣ್ಣೆ ತಿಕ್ಕುವುದು. ಅವರು ಕೇಳುತ್ತಿದ್ದದ್ದು ಒಂದೇ: “ನನ್ನ ಹೆಬ್ಬೆಟ್ಟು ಬರುತ್ತೇನೇ? ಬತ್ತಿ ಮುಗಿಸೋವರೆಗಾದ್ರೂ ಬರುತ್ತಾ?” ನಾನು ಬರುತ್ತದೆ ಅತ್ತೆ ಎನ್ನುತ್ತಿದ್ದೆ. ನನಗೇನು ಗೊತ್ತಿತ್ತು?

ಡಾಕ್ಟರು ಹಿಸುಕುವುದಕ್ಕೆ ರಬ್ಬರ್ ಚೆಂಡು ಕೊಟ್ಟರು. ಅತ್ತೆಯವರು ಅದನ್ನು ಮಂಚದ ಕೆಳಗೆ ಉರುಳಿಸಿದರು. “ನಾನೇನು ನಾಯಿಮರೀನಾ, ಚೆಂಡು ಹಿಡ್ಕೊಂಡು ಕೂರೋಕೆ?”

ಸುಮಾಳ ಕಾಟ ತಾಳಲಾರದೆ ಯಜಮಾನರು ಶಿವಾಜಿನಗರದ ಗಲ್ಲಿಯೊಂದರಿಂದ ಟಿ.ವಿ.ಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದದ್ದು ಅದೇ ದಿನಗಳಲ್ಲಿ. ಅಂಗಡಿಯವನು, “ಲಕ್ಷ ಗೇಮ್ ಐತೆ ಸಾರ್ ಇದ್ರಲ್ಲಿ. ಬೇಟಿ ಶಾದಿ ಆದ್ರೂ ಮುಗಿಯಲ್ಲ,” ಎಂದಿದ್ದನಂತೆ. ಕ್ಯಾಸೆಟ್ಟಿನ ಮೇಲೂ ಲಕ್ಷ ಎಂದೇ ಅಚ್ಚಾಗಿತ್ತು. ಹಾಕಿ ನೋಡಿದರೆ ಅವೇ ನಾಲ್ಕಾರು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಅದರಲ್ಲೊಂದು ಈ ಹಾರುವ ಆಟ. ಟೋಪಿ ಹಾಕಿದ ಒಬ್ಬ ಕುಳ್ಳ ಗವಿಯೊಳಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತ, ಹಳ್ಳ ದಾಟುತ್ತ, ಬೀಗದ ಕೈ ಹುಡುಕಿಕೊಂಡು ಹೋಗಬೇಕು. ಎಡಗೈ ಬೆರಳು ಅವನನ್ನು ನಡೆಸಬೇಕು, ಬಲಗೈ ಹೆಬ್ಬೆರಳು ಹಾರಿಸಬೇಕು.

ಅತ್ತೆಯವರು ಮಂಚದಿಂದಲೇ ಕೆಲವು ದಿನ ನೋಡಿದರು. “ಅಯ್ಯೋ ಪಾಪ, ಬಿದ್ದ! ಕೊಡೇ ಇಲ್ಲಿ. ನೀನು ಅವನನ್ನ ಸುಮ್ನೆ ಸಾಯಿಸ್ತಿದೀಯ.” ಸುಮಾ ಆಟದ ರಿಮೋಟನ್ನು ಅವರ ತೊಡೆಯ ಮೇಲಿಟ್ಟು, ಸತ್ತುಹೋಗಿದ್ದ ಹೆಬ್ಬೆರಳನ್ನು ಎತ್ತಿ ಬಟನ್ ಮೇಲೆ ಕೂರಿಸಿದಳು. ಕುಳ್ಳ ಮೊದಲ ಹಳ್ಳದಲ್ಲೇ ಬಿದ್ದ. ಅದೇ ಹಳ್ಳದಲ್ಲಿ ಎಷ್ಟು ದಿನ ಬಿದ್ದನೋ ಲೆಕ್ಕವಿಲ್ಲ. “ಅವನದ್ದೂ ಲಕ್ಷ, ನಂದೂ ಲಕ್ಷ. ನೋಡೋಣ ಯಾರು ಮುಗಿಸ್ತಾರೋ,” ಎನ್ನುತ್ತಿದ್ದರು ಅತ್ತೆ. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ‘ಟುಂಯ್’ಗಾಗಿ ಕಾಯುತ್ತಿದ್ದೆ. ಒಂದು ದಿನ ಎರಡು ‘ಟುಂಯ್’ ಒಟ್ಟಿಗೇ ಬಂದವು. ಸೌಟು ಹಿಡಿದೇ ಓಡಿಹೋದೆ. ಕುಳ್ಳ ಆಚೆ ದಡದಲ್ಲಿ ನಿಂತಿದ್ದ. ಅತ್ತೆಯವರು ಹೆಬ್ಬೆರಳನ್ನೇ ನೋಡುತ್ತಿದ್ದರು.

ಆ ಆಟಕ್ಕೆ ಒಂದು ದೊಡ್ಡ ಕುಂದಿತ್ತು. ಆರಿಸಿದರೆ ಅಲ್ಲಿಗೆ ಮುಗಿಯಿತು. ಎಷ್ಟು ದೂರ ಹೋಗಿದ್ದರೂ ಮಾರನೆಯ ದಿನ ಮೊದಲ ಹಳ್ಳದಿಂದಲೇ ಶುರು. ಕಾಲೋನಿಯ ಮಕ್ಕಳು ಆಟ ನಿಲ್ಲಿಸಿ, ಟಿ.ವಿ.ಗೆ ಟವೆಲು ಮುಚ್ಚಿ, ದಿನವಿಡೀ ಹಾಗೇ ಬಿಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಅದು ನಡೆಯುವಂತಿರಲಿಲ್ಲ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಎದುರು ಗೋಡೆಯಲ್ಲಿ ಇನ್ನೊಂದು ಬೆಳಕು ಉರಿಯಕೂಡದು.

“ಅಜ್ಜೀ, ಬೇಡ! ಕೊನೇ ಬಾಗಿಲ ಹತ್ರ ಬಂದಿದೀವಿ!” ಸುಮಾ ಅಳುತ್ತಿದ್ದಳು.

“ದೀಪದ ಹೊತ್ತು ಕಣೇ. ಆರಿಸು. ನಾಳೆ ಇನ್ನೊಂದ್ಸಲ ಹೋದ್ರಾಯ್ತು, ದಾರಿ ಗೊತ್ತಲ್ಲ.”

ಸುಮಾಳ ಅಳು ಕೇಳಿ ನನಗೆ ಪಾಪವೆನಿಸುತ್ತಿತ್ತು. ಆದರೆ ದಿನಾ ಮೊದಲಿಂದ ಹಾರಿ ಹಾರಿಯೇ ಆ ಬೆರಳು ಪಳಗುತ್ತಿತ್ತು ಎನ್ನುವುದು ನನಗೆ ಹೊಳೆದದ್ದು ಎಷ್ಟೋ ತಡವಾಗಿ.

ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಈಳಿಗೆಮಣೆ, ಮಿಕ್ಸಿ, ಇವರ ಸ್ಪ್ಯಾನರು, ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ. ಅತ್ತೆಯವರು ರಿಮೋಟನ್ನೂ ಮಣೆಯ ಮೇಲಿಡಿಸಿದರು. “ನನ್ನ ಆಯುಧ ಅದೇ ಅಲ್ವಾ?” ಎಂದು ಎಡಗೈಯಿಂದಲೇ, ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಹಾರುವ ಬಟನ್ನಿನ ಮೇಲೇ ಧಾರಾಳವಾಗಿ ಬಳಿದರು. ಮಾರನೆಯ ದಿನ ಬಟನ್ ಒಳಗೇ ಅಂಟಿಕೊಂಡಿತ್ತು. ಕುಳ್ಳ ಹಾರಲೊಲ್ಲ. ಇವರು ಸ್ಕ್ರೂ ಬಿಚ್ಚಿ ಒರೆಸಿ ಕೂಡಿಸಿದರು. ಬಟನ್ ಮೇಲೆ ಬಂತು, ಆದರೆ ಬಿಗಿಯಾಯಿತು, ಜೋರಾಗಿ ಒತ್ತಿದರೆ ಮಾತ್ರ ಕೆಲಸ.

“ಬೇರೆ ತರ್ತೀನಮ್ಮ,” ಎಂದರು ಇವರು.

“ಪೂಜೆಗಿಟ್ಟಿದ್ದನ್ನ ಎಸೀತಾರೇನೋ? ಒತ್ತುತೀನಿ ಬಿಡು. ಅದೇನು ನನ್ನ ಸೊಸೆಗಿಂತ ಬಿಗೀನಾ?”

ಒತ್ತಿದರು. ಮುಂದಿನ ಸಲ ಅವರ ಕೈ ಹಿಡಿದು ನೋಡಿದ ಡಾಕ್ಟರು, “ಪರವಾಗಿಲ್ವೇ, ಚೆಂಡು ಚೆನ್ನಾಗೇ ಕೆಲಸ ಮಾಡಿದೆ,” ಎಂದರು. ಅತ್ತೆಯವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಬೇಸಿಗೆಯ ಹೊತ್ತಿಗೆ ಅವರು ಬತ್ತಿ ಹೊಸೆದರು. ಸೊಟ್ಟ ಬತ್ತಿ. ಮೊಗ್ಗಿನ ಹಾಗಿದ್ದದ್ದು ಈಗ ಬಾಡಿದ ಹೂವಿನ ಹಾಗೆ ತಲೆ ವಾಲಿಸುತ್ತಿತ್ತು. “ಉರಿಯುತ್ತಲ್ಲ, ಸಾಕು,” ಎಂದು ಡಬ್ಬಿಯಲ್ಲಿ ಮೇಲಕ್ಕೆ ಇಟ್ಟರು. ಕೆಲವು ತಿಂಗಳು ಹಾಗೆ ಹೊಸೆದರು. ಡಬ್ಬಿ ತುಂಬಲು ಇನ್ನೊಂದು ಪದರ ಉಳಿದಿತ್ತು. ಕಾರ್ತಿಕಕ್ಕೆ ಮೊದಲೇ ಎರಡನೆಯ ಸಲ ಹೊಡೆದ ಲಕ್ವ ಅವರನ್ನು ಕರೆದುಕೊಂಡು ಹೋಯಿತು.

ಕರ್ಮಗಳೆಲ್ಲ ಮುಗಿದ ಮೇಲೆ ಪಕ್ಕದ ಮನೆಯ ರಾಜಮ್ಮನವರನ್ನು ಕೇಳಿದೆ. ವ್ರತ, ಮಡಿ ಎಲ್ಲ ಬಲ್ಲವರು. “ಅವರ ಹರಕೆ ಅವರ ಜೊತೆಗೇ ಹೋಯ್ತು ಕಣ್ರೀ. ಬೇಕು ಅಂದ್ರೆ ನೀವು ನಿಮ್ಮ ಹೆಸರಲ್ಲಿ ಮೊದಲಿಂದ ಶುರು ಮಾಡ್ಬೇಕು. ಅರ್ಧದಲ್ಲಿ ಕೈ ಹಾಕೋ ಹಾಗಿಲ್ಲ,” ಎಂದರು. ಮೊದಲಿಂದ! ಡಬ್ಬಿಯನ್ನು ಎಸೆಯಲಾರೆ, ತುಂಬಲಾರೆ. ಕ್ವಾರ್ಟರ್ಸು ಬಿಟ್ಟು ಈ ಮನೆಗೆ ಬಂದಾಗ ಅದೂ ಬಂತು, ಅಟ್ಟ ಸೇರಿತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಇಳಿಸಿ, ಧೂಳು ಒರೆಸಿ, ಕಣ್ಣಿಗೊತ್ತಿಕೊಂಡು, ಅಲ್ಲೇ ಇಡುತ್ತಿದ್ದೆ. ಹರಕೆ ಉಳಿದ ಮನೆಯೆಂಬ ಅಳುಕು ಮಾತ್ರ ಧೂಳಿನ ಹಾಗೆ ಒರೆಸಿದರೆ ಹೋಗುವಂಥದ್ದಲ್ಲ.

ಈಗ ಸುಮಾ ಕಂಪ್ಯೂಟರಿನಲ್ಲಿ ಹಾಕಿಕೊಟ್ಟ ಆಟದ ಬಗ್ಗೆ ಹೇಳುತ್ತೇನೆ. “ಹೊಸಾದೇ ಅಮ್ಮ, ಹಳೇ ಥರ ಕಾಣ್ಲಿ ಅಂತ ಬೇಕಂತಲೇ ಹೀಗೆ ಮಾಡಿದಾರೆ,” ಎಂದಳು. ಹೊಸ ಸೀರೆಗೆ ಹಳೆಯ ಬಾರ್ಡರು ಹೊಲಿಸಿದ ಹಾಗೆ. ಚಿತ್ರವೆಲ್ಲ ಚೌಕ ಚೌಕ, ಸಂಗೀತ ಅದೇ ಟುಂಯ್‌ಟುಂಯ್. ಚೀಲ ತಗುಲಿಸಿಕೊಂಡ ಹೆಂಗಸೊಬ್ಬಳು ಪಾಳುಕೋಟೆಯಲ್ಲಿ ಹಾರಿ ಹಾರಿ ಬೀಗದ ಕೈ ಹುಡುಕುತ್ತಾಳೆ. ಒಳ್ಳೆಯದನ್ನು ಮೊದಲು ಹೇಳಬೇಕು: ಅವಸರ ಮಾಡುವುದಿಲ್ಲ. ನಾನು ಒಲೆ ನೋಡಿ ಬರುವವರೆಗೂ ಅವಳು ನಿಂತೇ ಇರುತ್ತಾಳೆ, ಬೈಯುವುದಿಲ್ಲ. ಎರಡೇ ಬಟನ್, ನನ್ನಂಥವಳೂ ಕಲಿಯಬಹುದು. ಇನ್ನು ಕುಂದು. ಅಕ್ಷರಗಳು ಸಾಸಿವೆಯಷ್ಟು. ಒಂದು ಬೀಗದ ಕೈಗಾಗಿ ನಡೆದ ದಾರಿಯನ್ನೇ ಮತ್ತೆ ಮತ್ತೆ ನಡೆಸುತ್ತಾರೆ, ಅಷ್ಟು ತಿರುಗಾಟ ನನಗೆ ಮನೆಯಲ್ಲೇ ಇದೆ. ಕೋಟೆಯ ಕಾವಲುಗಾರನಿಗೆ ನ್ಯಾಯವಿಲ್ಲ, ಬಾಗಿಲು ಕಾಣುವ ಮೊದಲೇ ಹೊಡೆಯುತ್ತಾನೆ. ಮತ್ತೆ, ಬಿದ್ದರೆ ಬಿದ್ದ ಕಡೆಯಲ್ಲೇ ಎತ್ತಿ ನಿಲ್ಲಿಸಿಬಿಡುತ್ತಾರೆ. ಎದೆ ‘ಧಸಕ್’ ಎನ್ನುವುದಿಲ್ಲ. ಅತ್ತೆಯವರು ನೋಡಿದ್ದರೆ, “ಇದೇನು, ಕೈ ಹಿಡಿದು ದಾಟಿಸ್ತಾರೆ!” ಎಂದು ಮೂತಿ ತಿರುಗಿಸುತ್ತಿದ್ದರು.

ಕಾವಲುಗಾರನ ಎದುರು ನಿಂತಿದ್ದಾಗ ಕರೆಂಟು ಹೋಯಿತು, ಸುಮಾಳ ಕಂಪ್ಯೂಟರೂ ಕಣ್ಣು ಮುಚ್ಚಿತು. “ಮುಗೀತಲ್ಲ. ಇನ್ನು ಮೊದಲಿಂದ,” ಎಂದು ಎದ್ದೆ. ನಿಜ ಹೇಳುತ್ತೇನೆ, ಒಂದು ಆಟಕ್ಕೆ ಅಷ್ಟು ಆಯಾಸವಾಗಬಾರದಿತ್ತು.

ಕರೆಂಟು ಬಂದ ಮೇಲೆ ಸುಮಾ ಕರೆದಳು. “ಮೊದಲಿಂದ ಯಾಕಮ್ಮ? ನೋಡು, ಎಲ್ಲಿ ಬಿಟ್ಟಿದ್ಯೋ ಅಲ್ಲೇ ಇದಾಳೆ.” ಹೌದು, ಅದೇ ಮೆಟ್ಟಿಲ ಮೇಲೆ, ಅದೇ ಚೀಲ. “ನಾನೇ ಆಡ್ಬೇಕು ಅಂತಾನೂ ಇಲ್ಲ. ನಾನು ಬಿಟ್ಟಿದ್ದನ್ನ ನೀನು ಮುಂದುವರಿಸ್ಬಹುದು.”

ನಾನು ಹೊರಗೆ ಬಂದು, “ರೀ, ಅಟ್ಟದಿಂದ ಅಮ್ಮನ ಡಬ್ಬಿ ಇಳಿಸಿಕೊಡ್ತೀರಾ?” ಎಂದೆ.

“ಈಗ್ಲಾ? ಇನ್ನೂ ಹಬ್ಬ ಬಂದಿಲ್ವಲ್ಲ.”

“ಇಳಿಸಿ ಅಂದ್ನಲ್ಲ.”

“ರಾಜಮ್ಮನವರು ಮೊದಲಿಂದ ಮಾಡ್ಬೇಕು ಅಂದಿದ್ರು ಅಲ್ವೇನೇ?” ಎನ್ನುತ್ತಲೇ ಸ್ಟೂಲ್ ಎಳೆದುಕೊಂಡರು.

“ಅಂದಿದ್ರು. ಈಶ್ವರ ಅಂದಿಲ್ವಲ್ಲ.”

ಮುಚ್ಚಳ ತೆಗೆದರೆ ವಿಭೂತಿಯ ವಾಸನೆ ಇನ್ನೂ ಇತ್ತು. ಕೈಕಾಲು ತೊಳೆದು, ಹತ್ತಿ ತೆಗೆದುಕೊಂಡು, ದೇವರ ಮುಂದೆ ಕೂತೆ. ಈ ಹೆಬ್ಬೆರಳು ಎಷ್ಟು ಹೇಳಿದರೂ ಪೂರ್ತಿ ಮಡಚಲಿಲ್ಲ. ಹೇಗೋ ಒಂದು ಬತ್ತಿ ಹೊಸೆದೆ. ಸೊಟ್ಟಗೆ, ತಲೆ ವಾಲಿಸಿಕೊಂಡು ಬಂತು. ಡಬ್ಬಿಯಲ್ಲಿ ಅತ್ತೆಯವರ ಕೊನೆಯ ಬತ್ತಿಗಳ ಮೇಲಿಟ್ಟೆ. ಇನ್ನೊಂದನ್ನು ಹೊಸೆಯಲು ಹತ್ತಿ ಹಿಡಿದು ತಿರುಗಿ ನೋಡುವಷ್ಟರಲ್ಲಿ, ಈಗ ಇಟ್ಟದ್ದು ಯಾವುದೆಂದು ನನಗೇ ಗುರುತು ಸಿಗಲಿಲ್ಲ.

ಹೊರಗೆ ಕತ್ತಲಾಗುತ್ತ ಬಂದಿತ್ತು. ಸುಮಾ ಕೋಣೆಯಿಂದ ಕೇಳಿದಳು, “ದೀಪದ ಹೊತ್ತಾಯ್ತು. ಆರಿಸ್ಲಾ ಅಮ್ಮ?”

“ಆರಿಸು,” ಎಂದೆ. “ಇದ್ದಲ್ಲೇ ಇರುತ್ತಲ್ಲ.”