ಹೆಸರು ಮುಚ್ಚುವ ಪ್ರೋಗ್ರಾಮು

ಮಿರ್ಚಿ ಬಜ್ಜಿ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ ಓದದೆ ಇವತ್ತಿಗೂ ನನಗೆ ತಿನ್ನಲಾಗುವುದಿಲ್ಲ. ಮೊನ್ನೆ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಎಣ್ಣೆ ಹೀರಿದ ಹಾಳೆಯನ್ನು ಬೆಳಕಿಗೆ ಹಿಡಿದು ನಿಂತಿದ್ದೆ. ಅಂಗಡಿಯವನು, "ಏನ್ ಹುಡುಕ್ತೀರಮ್ಮಾ? ಬರೇ ಹಳೇ ಪೇಪರ್ ಐತಿ" ಎಂದ. ಅವನಿಗೆ ಏನು ಹೇಳಲಿ? ನಿಮಗಾದರೆ ಹೇಳಬಹುದು, ನಿಮಗೆ ಗಿರಾಕಿಗಳ ಅವಸರವಿಲ್ಲ.

ಎಂಬತ್ತರ ದಶಕದ ಕೊನೆ. ಬಳ್ಳಾರಿಯ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ನಮ್ಮಲ್ಲೊಂದು ಯಂತ್ರ, ಕುರುಗೋಡಿನಲ್ಲೊಂದು, ಸಿರುಗುಪ್ಪದ ಗೋದಾಮಿನಲ್ಲೊಂದು. ಒಂದಕ್ಕೊಂದು ತಂತಿಯ ಸಂಬಂಧವಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕಾದು ಬೇಸತ್ತು ನಾನೊಂದು ಪ್ರೋಗ್ರಾಮು ಬರೆದೆ. ಹೇಳಬೇಕಾದ್ದನ್ನು ಟೈಪ್ ಮಾಡಿದರೆ ಫ್ಲಾಪಿ ಬಸ್ ಕಂಡಕ್ಟರನ ಕೈಯಲ್ಲಿ ಊರಿಂದೂರಿಗೆ ಹೋಗುತ್ತಿತ್ತು. ಅಲ್ಲಿಯವರು ಓದಿ, ತಮ್ಮ ಉತ್ತರ ಸೇರಿಸಿ ಮುಂದೆ ಕಳಿಸುತ್ತಿದ್ದರು. ಎಲ್ಲರೂ ಓದುವ ಚರ್ಚೆ ಬೇರೆ, ಒಬ್ಬರಿಗೇ ಬರೆದ ಕಾಗದ ಬೇರೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕಾಗಿದ್ದರಿಂದ ಹತ್ತಿಯೋ ಹಟ್ಟಿಯೋ ಎಂದು ಕೆಲವೊಮ್ಮೆ ಊಹಿಸಬೇಕಾಗುತ್ತಿತ್ತು.

ನನ್ನ ಜಂಬವೆಲ್ಲ ಇನ್ನೊಂದರ ಮೇಲಿತ್ತು. ಪ್ರತಿಯೊಬ್ಬರೂ ಪ್ರೋಗ್ರಾಮನ್ನು ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದಿತ್ತು. ಕುರುಗೋಡಿನ ಲಕ್ಷ್ಮಿಗೆ ಹತ್ತಿಯ ಮಾತು ಮೊದಲು ಬರಬೇಕೇ? ಬರಲಿ. ಲಾರಿಗಳ ಸುದ್ದಿ ಬೇಡವೇ? ತೆಗೆಯಿರಿ. ಯಾರಾದರೊಬ್ಬರ ಮಾತೇ ಬೇಡವೆನಿಸಿದರೆ ಅವರು ಬರೆದದ್ದೊಂದೂ ಕಾಣದಂತೆ ಅವರ ಹೆಸರನ್ನೂ ಮುಚ್ಚಬಹುದು. ಮುಚ್ಚಿಸಿಕೊಂಡವರಿಗೆ ಅದು ತಿಳಿಯುತ್ತಲೂ ಇರಲಿಲ್ಲ.

ಒಂದು ದಿನ ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. "ಮೇಡಂ, ಮಂದಿ ಒಬ್ಬರಿಗೊಬ್ರು ಏನ್ ಬರಕೋತಾರ, ಅದರದೊಂದು ಕಾಪಿ ನನಗೂ ಬರೋಹಂಗ ಮಾಡ್ರಿ. ಯಾರಿಗೂ ಹೇಳಾಕ ಹೋಗಬ್ಯಾಡ್ರಿ."

"ಆಗಂಗಿಲ್ಲ ಸರ್, ಪ್ರೋಗ್ರಾಮಿನ್ಯಾಗ ಜಾಗ ಇಲ್ಲ" ಎಂದೆ. ಜಾಗ ಬೇಕಾದಷ್ಟಿತ್ತು. ಅವರು ನಂಬಿದಂತೆ ಕಾಣಲಿಲ್ಲ. ನನಗೂ ಅಂದಿನಿಂದ ನಂಬಿಕೆ ಹೋಯಿತು. ಇಂಥ ಕೆಲಸವನ್ನು ಅವರು ಇನ್ನಾರಿಗೆ ಒಪ್ಪಿಸಿರಬಹುದು ಎಂದು ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದೆ. ಮ್ಯಾನೇಜರಿಗೆ ಬೀಜಕ್ಕಿಂತ ನಮ್ಮ ಮಾತಿನ ಮೇಲೇ ಕಣ್ಣು ಎಂದು ಲಕ್ಷ್ಮಿಗೆ ಖಾಸಗಿಯಾಗಿ ಬರೆದೆ. ಎರಡೇ ದಿನದಲ್ಲಿ ಅವರು ನನ್ನನ್ನು ಕರೆದು, "ನನಗ ಬೀಜಕ್ಕಿಂತ ಮಾತಿನ ಮ್ಯಾಲೇ ಕಣ್ಣಂತ, ಹೌದೇನ್ರಿ?" ಎಂದರು.

ಆ ಕಾಗದವಿದ್ದ ಫ್ಲಾಪಿ ಸಿರುಗುಪ್ಪದಲ್ಲಿ ಒಂದು ದಿನ ತಂಗಿ ಕುರುಗೋಡಿಗೆ ಹೋಗಿತ್ತು. ಸಿರುಗುಪ್ಪದ ಗೋದಾಮಿನಲ್ಲಿದ್ದವರು ವಿರೂಪಣ್ಣ. ಮಿತಭಾಷಿ. ಬಳ್ಳಾರಿಗೆ ಬಂದಾಗಲೆಲ್ಲ ಮೊದಲು ಮ್ಯಾನೇಜರ ಕೋಣೆಗೇ ಹೋಗುತ್ತಿದ್ದರು. ಇನ್ನೇನು ಸಾಕ್ಷಿ ಬೇಕು? ಅಂದೇ ನನ್ನ ಯಂತ್ರದಲ್ಲಿ ಅವರ ಹೆಸರನ್ನು ಮುಚ್ಚಿಬಿಟ್ಟೆ.

ಹದಿನೈದು ದಿನ ಕಳೆದಿರಬೇಕು. ಲಕ್ಷ್ಮಿಯ ಟ್ರಂಕ್ ಕಾಲ್ ಬಂತು. "ಅಕ್ಕಾ, ವಿರೂಪಣ್ಣ ಬರದಿದ್ದು ನೋಡಿಲ್ಲೇನು? ಬಳ್ಳಾರಿಗೆ ಕಳಿಸಿದ ಭತ್ತದ ಬೀಜ ತೇವ ಹಿಡದೈತಂತ. ಮೊಳಕಿ ಒಡೆಯಂಗಿಲ್ಲ, ಯಾರಿಗೂ ಕೊಡಬ್ಯಾಡ್ರಿ ಅಂದಾರ."

ಆ ಮೂಟೆಗಳು ನಾನು ಅಚ್ಚು ಹಾಕಿಕೊಟ್ಟ ಚೀಟಿಯ ಮೇಲೆಯೇ ಹಿಂದಿನ ದಿನ ಹಚ್ಚೊಳ್ಳಿಯ ರೈತರಿಗೆ ಹೋಗಿದ್ದವು. ಮುಚ್ಚಿದ ಹೆಸರನ್ನು ತೆರೆದೆ. ಅದೇ ಎಚ್ಚರಿಕೆಯನ್ನು ವಿರೂಪಣ್ಣ ಮೂರು ಸಲ ಬರೆದಿದ್ದರು.

ಮೂಟೆಗಳು ಹೋದ ಸುದ್ದಿ ಫೋನಿನಲ್ಲಿ ಮುಟ್ಟಿದ್ದೇ ತಡ ಅವರು ಒಂದು ಟ್ರ್ಯಾಕ್ಟರ್ ಹಿಡಿದು ಹಚ್ಚೊಳ್ಳಿಗೆ ಹೋಗಿ, ಮನೆಮನೆ ತಿರುಗಿ ಮೂಟೆಗಳನ್ನು ವಾಪಸು ತಂದರು. ಒಬ್ಬ ರೈತ ಮಾತ್ರ ಆಗಲೇ ಸಸಿಮಡಿಗೆ ಚೆಲ್ಲಿದ್ದ. ಅವನ ಮಡಿ ಬರೀ ಕೆಸರಾಗಿ ಉಳಿಯಿತು. ವಿರೂಪಣ್ಣ ಊರೆಲ್ಲ ಕೇಳಿ ಅವನಿಗೆ ಬೇರೆಯವರ ಸಸಿ ಕೊಡಿಸಿದರು.

ಮರುದಿನ ಬಳ್ಳಾರಿಗೆ ಬಂದಾಗ ಅವರ ಪಂಚೆಯ ಅಂಚಿನಲ್ಲಿ ಕೆಸರು ಒಣಗಿತ್ತು. "ನಾ ಬರದಿದ್ದು ಓದಿದ್ರೇನ್ರಿ ಮೇಡಂ?" ಎಂದು ಮೆಲ್ಲಗೆ ಕೇಳಿದರು.

"ಫ್ಲಾಪಿ ಕೆಟ್ಟಿತ್ತು" ಎಂದೆ.

ಅವರು ತಲೆಯಾಡಿಸಿ ಹೊರಟುಹೋದರು.

ಅದೇ ವಾರ ಪ್ಯೂನು ಮ್ಯಾನೇಜರಿಗೆಂದು ಮಂಡಕ್ಕಿಯ ಮಂಡಾಳು ಒಗ್ಗರಣೆ, ಮಿರ್ಚಿ ತಂದ. ಮಿರ್ಚಿ ಕಟ್ಟಿದ್ದು ನಮ್ಮದೇ ಪ್ರಿಂಟರಿನ, ಅಂಚಿಗೆ ತೂತುಗಳಿದ್ದ ಹಾಳೆಯಲ್ಲಿ. ಲಕ್ಷ್ಮಿಗೆ ಬರೆದ ಕಾಗದವನ್ನು ತಪ್ಪಿಲ್ಲವಷ್ಟೇ ಎಂದು ನೋಡಲು ನಾನೇ ಅಚ್ಚು ಹಾಕಿ ಬುಟ್ಟಿಗೆ ಎಸೆದಿದ್ದು ಆಗ ನೆನಪಾಯಿತು. ರದ್ದಿಯೆಲ್ಲ ಎದುರಿನ ಮಿರ್ಚಿ ಅಂಗಡಿಗೆ ಹೋಗುತ್ತಿತ್ತಂತೆ. ಹಿಂದೊಮ್ಮೆ ಅಂಥದೇ ಹಾಳೆಯನ್ನು ಸಾಹೇಬರು ಬಿಡಿಸಿ ಓದಿದ್ದನ್ನು ತಾನೇ ಕಂಡಿದ್ದೆ ಎಂದ ಪ್ಯೂನು. ಮ್ಯಾನೇಜರು ನನ್ನ ಗುಟ್ಟನ್ನು ಬಿಸಿಬಿಸಿ ಮಿರ್ಚಿಯ ಜೊತೆ ಓದಿದ್ದರು. ಮಧ್ಯೆ ಯಾವ ಗೂಢಚಾರನೂ ಇರಲಿಲ್ಲ.

ಇಷ್ಟು ಗೊತ್ತಾದ ಮೇಲೂ ವಿರೂಪಣ್ಣನಿಗೆ ನಿಜ ಹೇಳಲಿಲ್ಲ. ಇಂದು, ನಾಳೆ ಎನ್ನುತ್ತಲೇ ಆ ಕಂಪನಿ ಬಿಟ್ಟೆ, ಕೂದಲೂ ಹಣ್ಣಾಯಿತು. ಮೊನ್ನೆ ಸಿರುಗುಪ್ಪಕ್ಕೆ ಹೋದದ್ದು ಅದಕ್ಕೇ. ಎಂಬತ್ತು ದಾಟಿದ ಅವರು ಜಗಲಿಯ ಮೇಲೆ ಕುಳಿತಿದ್ದರು. ಗುರುತು ಹೇಳಿಕೊಂಡು, ಕೂರುವ ಮೊದಲೇ, "ಫ್ಲಾಪಿ ಕೆಟ್ಟಿರಲಿಲ್ಲ ವಿರೂಪಣ್ಣಾ. ನಿಮ್ಮ ಹೆಸರು ಮುಚ್ಚಿದ್ದೆ" ಎಂದೆ.

"ಗೊತ್ತಿತ್ತು ಬಿಡ್ರಿ. ನಾ ಬರದ ಅದ ಫ್ಲಾಪಿಯೊಳಗ, ಎಲ್ಲಾರೂ ಓದೋ ಚರ್ಚೆಯಾಗ, ಲಕ್ಷ್ಮಿಗೆ ನೀವು ಉತ್ತರ ಬರದಿದ್ರಿ."

"ಮತ್ಯಾಕ ಸುಮ್ಮನಿದ್ರಿ?"

"ಗದ್ದಲ ಆದ್ರ ಮ್ಯಾನೇಜರು ಪ್ರೋಗ್ರಾಮು ಬಂದ್ ಮಾಡಿಸ್ತಿದ್ರು. ಆ ಗೋದಾಮಿನ್ಯಾಗ ಮೂಟಿ ಬಿಟ್ರ ನನಗ್ಯಾರಿದ್ರು? ಬಸ್ ಬಂತಂದ್ರ ನಾಕು ಮಂದಿ ಬಂದು ಕುಂತು ಮಾತಾಡಿದಂಗ ಆಗ್ತಿತ್ತು."

ಕಣ್ಣು ತುಂಬಿ ಬಂತು. ಮರುಕ್ಷಣವೇ ಹಳೆಯ ಚಾಳಿ ತಲೆಯೆತ್ತಿತು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೋ ಏನೋ? ಈ ಸಲ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರಲಿಲ್ಲ. ಅವರನ್ನೇ ಕೇಳಿಬಿಟ್ಟೆ.

ಅವರು ಸರಿದು ಜಗಲಿಯ ಮೇಲೆ ಜಾಗ ಮಾಡಿದರು. "ಸಿಟ್ಟು ಬಂದಿತ್ರಿ," ಎಂದರು. "ಭಾಳ ಬಂದಿತ್ತು. ಕುಂಡ್ರಿ, ಹೇಳ್ತೀನಿ."

ಬಳ್ಳಾರಿಯ ಬಸ್ಸಿಗೆ ಹೊತ್ತಾಗುತ್ತಿತ್ತು. ಅದು ಹೋದರೆ ಹೋಗಲಿ ಎಂದು ಕೂತೆ.