ಖಾಲಿ ನೆಲದ ಫೋಟೋ

ಬೆಂಗಳೂರಿನಿಂದ ಮುಂಬೈ, ಮುಂಬೈಯಲ್ಲಿ ಐದು ಗಂಟೆ ಕಾಯುವಿಕೆ, ಅಲ್ಲಿಂದ ಆರು ಗಂಟೆಗೂ ಮಿಕ್ಕ ಹಾರಾಟ. ನೈರೋಬಿಯಲ್ಲಿ ಇಳಿಯುವಾಗ ನನ್ನ ಮೈ ಹಣ್ಣಾಗಿತ್ತು. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಬರೀ ಹತ್ತಿ ಸೀರೆಗಳನ್ನು ತುಂಬಿಕೊಂಡು ಹೋಗಿದ್ದೆ. ಜುಲೈ ತಿಂಗಳು ಅಲ್ಲಿ ಚಳಿಗಾಲವೆಂದು ಇಳಿದ ಮೇಲೆ ತಿಳಿಯಿತು. ಮೋಡ ಕವಿದಿತ್ತು, ತುಂತುರು ಹನಿಯುತ್ತಿತ್ತು. ಹಳದಿ ಜ್ವರದ ಲಸಿಕೆಯ ಪುಸ್ತಕವನ್ನು ಕೌಂಟರಿನಲ್ಲಿದ್ದ ಹೆಂಗಸು ತಿರುವಿಯೂ ನೋಡಲಿಲ್ಲ. ಅದಕ್ಕಾಗಿ ನಾನು ಊರಲ್ಲಿ ಇಡೀ ಒಂದು ದಿನ ಸಾಲಿನಲ್ಲಿ ನಿಂತಿದ್ದೆ.

ನನ್ನ ತಂಗಿಯ ಮಗಳು ಸುಷ್ಮಾ ಹೊರಗೆ ಕಾಯುತ್ತಿದ್ದಳು. "ದೊಡ್ಡಮ್ಮ, ಸ್ವೆಟರ್ ತಂದಿಲ್ವಾ? ಮೆಸೇಜ್ ಮಾಡಿದ್ನಲ್ಲ," ಎಂದು ಗದರಿ ತನ್ನ ಶಾಲನ್ನೇ ನನಗೆ ಹೊದಿಸಿದಳು. ಅವಳು ಅಲ್ಲಿನ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ವಸತಿ ವಿಭಾಗ ನೋಡಿಕೊಳ್ಳುತ್ತಾಳೆ. ನಾನು ಅದೇ ಕೆಲಸವನ್ನು ಸರ್ಕಾರದಲ್ಲಿ ಮೂವತ್ತೊಂದು ವರ್ಷ ಮಾಡಿ ನಿವೃತ್ತಳಾದವಳು. ಗುಡಿಸಲುಗಳ ತೆರವು, ಪುನರ್ವಸತಿ, ಹಕ್ಕುಪತ್ರ, ತಡೆಯಾಜ್ಞೆ. ಆ ಪದಗಳಿಗೆಲ್ಲ ಎಳ್ಳುನೀರು ಬಿಟ್ಟಾಯಿತು, ಇನ್ನು ಸಿಂಹ ನೋಡಿಕೊಂಡು ಬರೋಣ ಎಂದು ಹೊರಟವಳು ನಾನು.

ಮರುದಿನ ಪಾರ್ಕ್‌ಲ್ಯಾಂಡ್ಸ್‌ನ ಅವಳ ಫ್ಲಾಟಿನಲ್ಲಿ ಬೆಳಗಿನ ತಿಂಡಿಗೆ ಗಂಜಿ ಕೊಟ್ಟಳು. ವಿಂಬಿ ಹಿಟ್ಟಿನದಂತೆ. ಒಂದು ಗುಟುಕು ಕುಡಿದರೆ ನಮ್ಮ ರಾಗಿ. ನಾನು ಸೂಟ್‌ಕೇಸಿನಲ್ಲಿ ಮೂರು ಕಿಲೋ ರಾಗಿ ಹಿಟ್ಟು ಹೊತ್ತು ತಂದಿದ್ದೆ. ಸುಷ್ಮಾಳ ಮಗಳು ಬಿದ್ದು ಬಿದ್ದು ನಕ್ಕಳು. ನನ್ನ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ವಾರಕ್ಕೆ ಮೂರು ದಿನ ಮನೆಗೆಲಸಕ್ಕೆ ಬರುವ ಮೆರ್ಸಿ ಎಂಬ ಹೆಂಗಸು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೂವತ್ತರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳ ತಾಯಿ. "ದೊಡ್ಡಮ್ಮ, ಇವಳಿಗೆ ಸರ್ಕಾರಿ ಫ್ಲಾಟ್ ಅಲಾಟ್ ಆಗಿದೆ," ಎಂದಳು ಸುಷ್ಮಾ. "ಶುಕ್ರವಾರ ನಾಲ್ಕು ಗಂಟೆ ಒಳಗೆ ಕೀ ತಗೋಬೇಕು. ಇಲ್ದಿದ್ರೆ ಲಿಸ್ಟಲ್ಲಿ ಮುಂದಿನವರಿಗೆ ಹೋಗತ್ತೆ. ಅದರಲ್ಲೊಂದು ಪ್ರಾಬ್ಲಮ್ ಇದೆ, ನೀವೊಂದು ಸಲ ಬಂದು ನೋಡಿ."

ಸಿಂಹ ಅಲ್ಲಿಗೆ ಮುಗಿಯಿತು.

ಮೆರ್ಸಿ ಇರುವುದು ರೈಲು ಹಳಿಯ ಪಕ್ಕದ ಒಂದು ವಸತಿಯಲ್ಲಿ. ಮೊಕದ್ದಮೆ ನಡೆಯುತ್ತಿರುವುದರಿಂದ ಅದರ ಹೆಸರು ಬರೆಯುವುದಿಲ್ಲ. ಜಾಗ ತನ್ನದೆಂದು ಸರ್ಕಾರ ಹೇಳುತ್ತದೆ, ಹಿಂದೊಬ್ಬ ಅಧಿಕಾರಿಯೇ ತಮ್ಮನ್ನು ಅಲ್ಲಿ ಕೂರಿಸಿದ್ದೆಂದು ಜನ ಹೇಳುತ್ತಾರೆ. ತೀರ್ಪು ಬರುವವರೆಗೆ ಒಂದು ಮನೆಯನ್ನೂ ಕೆಡವಬಾರದೆಂದು ನ್ಯಾಯಾಲಯ ಸರ್ಕಾರದ ಕೈ ಕಟ್ಟಿದೆ. ಆದರೆ ತಮ್ಮ ಮನೆಯನ್ನು ತಾವೇ ಕೆಡವಿಕೊಂಡು ಹೋಗುವವರನ್ನು ಯಾವ ಆಜ್ಞೆಯೂ ತಡೆಯುವುದಿಲ್ಲ. ಹಾಗಾಗಿ ಪ್ರಕಟಣೆ ಹೊರಟಿದೆ: ಸರ್ಕಾರದ ಮನೆ ಎಣಿಕೆಯಲ್ಲಿ ಬಾಗಿಲಿಗೆ ನಂಬರು ಸಿಕ್ಕವರು ತಮ್ಮ ಕೋಣೆಯನ್ನು ತಾವೇ ಬಿಚ್ಚಿ, ನೆಲ ಖಾಲಿ ಮಾಡಿ ತೋರಿಸಬೇಕು. ಅಧಿಕಾರಿ ಖಾಲಿ ನೆಲದ ಫೋಟೋ ತೆಗೆದ ಮೇಲೆ ಕೀಲಿ. ಒಬ್ಬ ರಾಜಕಾರಣಿ ಬಂದು ಯಾರೂ ಕದಲಬೇಡಿ, ಈ ಪ್ರಕಟಣೆಯನ್ನೇ ವಾಪಸ್ ತೆಗೆಸುತ್ತೇನೆ ಎಂದನಂತೆ. ಇನ್ನೊಬ್ಬ ಬಂದು ಚುನಾವಣೆಯ ಒಳಗೆ ಕೀಲಿ ತೆಗೆದುಕೊಂಡು ಬುದ್ಧಿವಂತರಾಗಿ ಎಂದನಂತೆ. ಮತ್ತೆ ಇಬ್ಬರದೂ ಪತ್ತೆಯಿಲ್ಲ.

"ನಿಮ್ಮ ಕಾಲದಲ್ಲೂ ಹಿಂಗೇ ಇತ್ತಾ?" ಎಂದು ಸುಷ್ಮಾ ಕೇಳಿದಳು.

"ಹೂಂ," ಎಂದೆ. 'ಸ್ವಯಂಪ್ರೇರಿತ ತೆರವು' ಎಂಬ ಪದವನ್ನು ನಮ್ಮ ಕಚೇರಿಯ ಕಡತದಲ್ಲಿ ಮೊದಲು ಬರೆದವಳು ನಾನೇ. ಖಾಲಿ ನೆಲದ ಫೋಟೋ ಕೂಡ ನನ್ನದೇ ಸಲಹೆ. ಆ ವರ್ಷ ನನಗೆ ಬಡ್ತಿಯೂ ಸಿಕ್ಕಿತ್ತು.

ಗುರುವಾರ ನಾನೂ ಸುಷ್ಮಾಳೂ ಮೆರ್ಸಿಯ ಜೊತೆ ಹೊರಟೆವು. ಪಾರ್ಕ್‌ಲ್ಯಾಂಡ್ಸ್‌ನಿಂದ ನ್ಗಾರಾಕ್ಕೆ ಮಟಾಟು, ಅಂದರೆ ಅಲ್ಲಿನ ಖಾಸಗಿ ಮಿನಿಬಸ್, ತಲೆಗೆ ಐವತ್ತು ಶಿಲ್ಲಿಂಗ್. ನ್ಗಾರಾದಲ್ಲಿ ಇಳಿದು ಸಗಟು ಅಂಗಡಿಗಳ ಸಾಲನ್ನು ದಾಟಿ ಇನ್ನೊಂದು ಮಟಾಟು. ಅದಕ್ಕೆ ಎಂಬತ್ತು. ಒಳಗೆ ಹಾಡಿನ ಅಬ್ಬರಕ್ಕೆ ತಲೆ ಚಿಟ್ಟು ಹಿಡಿಯಿತು. ಇಳಿದ ಮೇಲೆ ಹಳಿಯ ಪಕ್ಕದ ಕೆಸರಿನಲ್ಲಿ ಅರ್ಧ ಗಂಟೆ ನಡಿಗೆ. ನನ್ನ ಮಂಡಿ ಪ್ರತಿ ಹೆಜ್ಜೆಗೂ ತಕರಾರು ಮಾಡಿತು.

ವಸತಿಯೆಂದರೆ ಉದ್ದುದ್ದ ಸಾಲುಗಳು. ಮರದ ಕಂಬ ನೆಟ್ಟು ಸುತ್ತ ತಗಡು ಹೊಡೆದ ಕೋಣೆಗಳು, ಒಂದಕ್ಕೊಂದು ಅಂಟಿಕೊಂಡು. ಎಷ್ಟೋ ಕೋಣೆಗಳು ಆಗಲೇ ಹೋಗಿದ್ದವು, ಸಾಲಿನ ನಡುನಡುವೆ ಕೆಂಪು ಮಣ್ಣಿನ ತುಂಡುಗಳು ಕಾಣುತ್ತಿದ್ದವು. ಉಳಿದ ಬಾಗಿಲುಗಳ ಮೇಲೆ ಬಣ್ಣದಲ್ಲಿ ನಂಬರು. ಮೆರ್ಸಿಯ ಸಾಲಿನಲ್ಲಿ ಉಳಿದದ್ದು ಎರಡೇ ಕೋಣೆ, ಅವಳದು ಮತ್ತು ಕೊನೆಯದು. ಕೊನೆಯ ಬಾಗಿಲಿಗೆ ನಂಬರು ಇರಲಿಲ್ಲ.

ಅದು ವಂಬುಯಿಯ ಮನೆ. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು, ಮೀನು ಕರಿದು ಮಾರುತ್ತಾಳೆ. ಮೆರ್ಸಿ ಕೆಲಸಕ್ಕೆ ಹೋದಾಗ ಅವಳ ಮಕ್ಕಳನ್ನು ನೋಡಿಕೊಳ್ಳುವುದೂ ಇವಳೇ. ಎಣಿಕೆಯವರು ಬಂದ ದಿನ ವಂಬುಯಿ ಅಕ್ಕನ ಅಂತ್ಯಕ್ರಿಯೆಗೆ ಊರಿಗೆ ಹೋಗಿದ್ದಳು. ಬೀಗ ಹಾಕಿದ ಬಾಗಿಲಿಗೆ ನಂಬರಿಲ್ಲ. ಅಲ್ಲಿಂದೀಚೆ ಮೂರು ಸಲ ಕಚೇರಿಗೆ ಹೋಗಿ ಬಂದಿದ್ದಾಳೆ. ನೀನು ಅಲ್ಲಿ ವಾಸವಿದ್ದೀಯ ಎನ್ನುವುದಕ್ಕೆ ಪುರಾವೆ ತಾ ಎಂದು ಮೂರು ಸಲವೂ ಕಳಿಸಿದ್ದಾರೆ. ಬೀಗದ ಬಾಗಿಲನ್ನು ಬಿಟ್ಟು ಮುಂದೆ ಹೋಗುವುದು ನಮ್ಮಲ್ಲೂ ರೂಢಿಯೇ. ಸಂಜೆಯೊಳಗೆ ಸಾಲು ಮುಗಿಸಬೇಕಲ್ಲ.

ತೊಡಕು ಇದ್ದದ್ದು ಗೋಡೆಯಲ್ಲಿ. ಮೆರ್ಸಿಯ ಕೋಣೆಗೂ ವಂಬುಯಿಯ ಕೋಣೆಗೂ ನಡುವೆ ಇರುವುದು ಒಂದೇ ತಗಡಿನ ಗೋಡೆ. ಹೋದ ವಾರ ಬೇರೊಬ್ಬರ ಜಾಗದಲ್ಲಿ ಹೀಗೇ ಒಂದು ಗೋಡೆ ಉಳಿಸಿ ತೆಗೆದ ಫೋಟೋವನ್ನು ಕಚೇರಿ ತಿರಸ್ಕರಿಸಿತ್ತು. ಗೋಡೆ ತೆಗೆದರೆ ವಂಬುಯಿಯ ಮನೆ ಬಯಲಾಗುತ್ತದೆ. ಇದನ್ನು ಅವಳಿಗೆ ಹೇಳಲು ಮೆರ್ಸಿಗೆ ಬಾಯಿ ಬಂದಿರಲಿಲ್ಲ. ಈಗ ತಲೆ ತಗ್ಗಿಸಿಕೊಂಡು ಹೇಳಿದಳು. ವಂಬುಯಿ ಬಾಣಲೆಯಿಂದ ಕಣ್ಣೆತ್ತಲಿಲ್ಲ. ಅವಳು ಹೇಳಿದ್ದನ್ನು ಸುಷ್ಮಾ ನನಗೆ ಕನ್ನಡದಲ್ಲಿ ಹೇಳಿದಳು: "ಬಿಚ್ಚು, ಫೋಟೋ ತೆಗೆಸ್ಕೋ, ಆಮೇಲೆ ನಾನು ಮತ್ತೆ ಹೊಡ್ಕೋತೀನಿ ಅಂತಾರೆ. ನಾಲ್ಕು ಮೊಳೆ ಕೆಲಸ, ಅದಕ್ಕೇನು ಅಳ್ತೀಯ ಅಂತಾರೆ." ನಮಗೆ ಹಾಲು ಹಾಕಿದ ಚಹಾ ಕೊಟ್ಟಳು. ಸಕ್ಕರೆ ವಿಪರೀತ. ನನಗೆ ಆ ಹೆಂಗಸು ಇಷ್ಟವಾದಳು.

ಶುಕ್ರವಾರ ಮತ್ತೆ ಅದೇ ಎರಡು ಮಟಾಟು, ಅದೇ ಕೆಸರು. ನಾವು ತಲುಪುವಾಗ ಮೂರು ಗಂಟೆ. ಮೆರ್ಸಿಯ ಕೋಣೆ ಇರಲಿಲ್ಲ. ಹಾಸಿಗೆ, ಪಾತ್ರೆ, ಬಟ್ಟೆ ಗಂಟು ಹಳಿಯ ಪಕ್ಕದಲ್ಲಿ. ಬಿಚ್ಚಿದ ತಗಡುಗಳನ್ನು ಹೊರಗೆ ಒರಗಿಸಿದ್ದರು. ಆಚೆ, ಗೋಡೆಯಿಲ್ಲದ ಕೋಣೆಯಲ್ಲಿ, ವಂಬುಯಿ ಮಂಚದ ಮೇಲೆ ಕೂತಿದ್ದಳು. ಹೊಸದೆಂದು ಕಾಣುವ ಹಸಿರು ಉಡುಪು, ತಲೆಗೆ ಗರಿಗರಿ ವಸ್ತ್ರ. ಮಂಚಕ್ಕೆ ಹೂವಿನ ಹೊದಿಕೆ ಹಾಸಿದ್ದಳು, ಪಾತ್ರೆಗಳನ್ನು ಉಜ್ಜಿ ಸಾಲಾಗಿ ಇಟ್ಟಿದ್ದಳು.

ಕಿಪ್ಟೂ ಎಂಬ ಅಧಿಕಾರಿ ಬಂದಾಗ ಮೂರೂವರೆ ದಾಟಿತ್ತು. ತೆಳ್ಳಗಿನ, ಸೋತ ಮುಖದ ಮನುಷ್ಯ. ಆ ದಿನಕ್ಕೆ ಅದು ಅವನ ಹನ್ನೊಂದನೆಯ ಫೋಟೋ. ಫೋನು ಎತ್ತಿ ನೋಡಿ ಇಳಿಸಿದ. ವಂಬುಯಿ ಸ್ವಲ್ಪ ಹೊತ್ತು ಆಚೆ ಹೋಗಲಿ, ಮಂಚವನ್ನೂ ಸರಿಸಲಿ ಎಂದ.

"ಇದು ನನ್ನ ಮನೆ. ನಾನೆಲ್ಲಿಗೆ ಹೋಗಲಿ?" ಎಂದಳು ವಂಬುಯಿ.

ಮೆರ್ಸಿ ಬೇಡಿಕೊಂಡಳು. ವಂಬುಯಿ ಅವಳ ಕೆನ್ನೆ ಸವರಿದಳು, ಆದರೆ ಎದ್ದೇಳಲಿಲ್ಲ. ಇದೇನು ಹಟ, ನಿನ್ನೆ ಒಪ್ಪಿದವಳು ಇವತ್ತು ಈ ಹುಡುಗಿಯ ಬಾಳಿಗೆ ಕಲ್ಲು ಹಾಕುತ್ತಿದ್ದಾಳಲ್ಲ ಎಂದು ನನಗೆ ಸಿಟ್ಟು ಬಂತು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕಿಪ್ಟೂ ನನ್ನ ಕಡೆ ತಿರುಗಿದ. ನಾನು ಇಂಥ ಕೆಲಸದವಳೆಂದು ಸುಷ್ಮಾ ಅವನಿಗೆ ಹೇಳಿದ್ದಳು. "ಮೇಡಂ, ನಿಮ್ಮ ದೇಶದಲ್ಲಿ ಇಂಥಾ ಹೊತ್ತಲ್ಲಿ ಏನು ಮಾಡ್ತೀರಿ?"

ಮಾತಾಡುವುದಕ್ಕೂ ನನಗೆ ಬೇಸರವಾಗಿತ್ತು. ಅವನ ತೋಳು ಹಿಡಿದು ವಂಬುಯಿಯ ಮಂಚದ ಬದಿಗೇ ಕರೆದುಕೊಂಡು ಹೋಗಿ, ಅವಳಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಮಂಡಿ ಬಾಗಿಸು, ಫೋನನ್ನು ಕೆಳಗೆ ವಾಲಿಸು ಎಂದೆ. ತೆರೆಯಲ್ಲಿ ಕೆಂಪು ಮಣ್ಣು, ಕಂಬ ಕಿತ್ತ ಗುಳಿಗಳು, ದೂರದಲ್ಲಿ ಖಾಲಿ ಸಾಲು. ಒಂದು ನರಪಿಳ್ಳೆ ಇಲ್ಲ. ಕಿಪ್ಟೂ ಫೋಟೋ ಒತ್ತಿ ಕಳಿಸಿದ. ಜೇಬಿನಿಂದ ಕೀಲಿ ತೆಗೆದು ಮೆರ್ಸಿಯ ಕೈಗಿಟ್ಟ. ಅವಳು ಅಸಾಂಟೆ, ಅಸಾಂಟೆ ಎಂದು ತನ್ನ ಭಾಷೆಯಲ್ಲಿ ಕೃತಜ್ಞತೆ ಹೇಳುತ್ತ ನನ್ನ ಎರಡೂ ಕೈ ಹಿಡಿದು ಅತ್ತಳು. ನನಗೂ ಒಂದು ಕ್ಷಣ ಹೆಮ್ಮೆಯೆನಿಸಿತು, ಸುಳ್ಳು ಹೇಳುವುದಿಲ್ಲ.

ಆಗ ವಂಬುಯಿ ಎದ್ದು ಬಂದು ಸುಷ್ಮಾಳನ್ನು ಏನೋ ಕೇಳಿದಳು.

"ಏನಂತೆ?" ಎಂದೆ.

"ನಾನು ಫೋಟೋದಲ್ಲಿ ಬಂದಿದೀನಾ ಅಂತ ಕೇಳ್ತಿದಾರೆ ದೊಡ್ಡಮ್ಮ. ಸರ್ಕಾರದ ಫೋಟೋದಲ್ಲೇ ಬಂದ್ಬಿಟ್ರೆ, ನೀನಿಲ್ಲಿ ಇರ್ಲಿಲ್ಲ ಅಂತ ಯಾರೂ ಹೇಳೋಕಾಗಲ್ವಲ್ಲ ಅಂತ. ಅದಕ್ಕೇ ಗೋಡೆ ತೆಗಿ ಅಂದಿದ್ದಂತೆ."

ಮತ್ತೊಂದು ಫೋಟೋ ತೆಗೆ ಎಂದು ಕಿಪ್ಟೂಗೆ ಹೇಳಿದೆ. ನಂಬರಿಗೆ ಒಂದೇ ಫೋಟೋ ಹೋಗುವುದು ಮೇಡಂ, ಇವರಿಗೆ ನಂಬರೇ ಇಲ್ಲವಲ್ಲ ಎಂದು ಅವನು ಮುಂದಿನ ಸಾಲಿಗೆ ನಡೆದ. ನನ್ನ ಫೋನಿನಲ್ಲಿ ನಾನೇ ತೆಗೆದೆ, ಮೂರು. ವಂಬುಯಿ ಮಂಚದ ಮೇಲೆ ನೆಟ್ಟಗೆ ಕೂತು ಕೊಟ್ಟಳು. ಆಮೇಲೆ ಉಡುಪು ಬದಲಿಸಿ ಬಂದು ತಗಡು ಎತ್ತಿದಳು. ಒಂದು ತುದಿಯನ್ನು ಮೆರ್ಸಿ ಹಿಡಿದಳು, ಇನ್ನೊಂದನ್ನು ಸುಷ್ಮಾ. ನಾನು ಮೊಳೆ ಕೊಡುತ್ತ ನಿಂತೆ.

ಭಾನುವಾರ ಹೊರಟೆ. ಸಿಂಹ ನೋಡಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ.

ಮೈಸೂರಿನ ನನ್ನ ಮನೆಗೆ ಬಂದ ವಾರ, ನನ್ನ ಮೂರು ಫೋಟೋಗಳ ಜೊತೆ ವಂಬುಯಿಯ ಪರವಾಗಿ ಒಂದು ಅರ್ಜಿ ಬರೆದು ಸುಷ್ಮಾಳ ಮೂಲಕ ಆ ಕಚೇರಿಗೆ ಕಳಿಸಿದೆ. ಅರ್ಜಿ ಬರೆಯುವುದು ನನಗೆ ಚೆನ್ನಾಗಿ ಗೊತ್ತು. ಉತ್ತರ ತಿಂಗಳೊಳಗೇ ಬಂತು, ನಮ್ಮ ಕಚೇರಿಯಾಗಿದ್ದರೆ ವರ್ಷ ಹಿಡಿಯುತ್ತಿತ್ತು. ಅರ್ಜಿದಾರರು ಹೇಳುವ ದಿನ ಆ ಸಾಲಿನಲ್ಲಿ ಯಾರೂ ವಾಸವಿರಲಿಲ್ಲ, ಆದ್ದರಿಂದ ಕೋರಿಕೆಯನ್ನು ಪರಿಗಣಿಸಲಾಗದು ಎಂದು ಎರಡೇ ಸಾಲು. ಪುರಾವೆಗೆಂದು ಒಂದು ಫೋಟೋ ಲಗತ್ತಿಸಿದ್ದರು: ಕೆಂಪು ಮಣ್ಣು, ಕಂಬ ಕಿತ್ತ ಗುಳಿಗಳು, ದೂರದಲ್ಲಿ ಖಾಲಿ ಸಾಲು.