ವೃಷಭೇಂದ್ರಪ್ಪನವರ ಕಾರು ಕುಡಿದ ಪೆಟ್ರೋಲು

ನರಸಿಂಹರಾಜಪುರದ ವೃಷಭೇಂದ್ರಪ್ಪನವರದ್ದು ದರ್ಜಿಗಳಿಗೆ ಬೇಕಾದ ಸಾಮಾನಿನ ವ್ಯಾಪಾರ. ದಾರದುಂಡೆ, ಗುಂಡಿ, ಹುಕ್ಕು, ಲೈನಿಂಗ್ ಬಟ್ಟೆ ಇವನ್ನೆಲ್ಲ ಕೊಪ್ಪ, ಶೃಂಗೇರಿಯ ಟೈಲರುಗಳ ಅಂಗಡಿಗೇ ಮುಟ್ಟಿಸುತ್ತಿದ್ದರು. ಬಹಳ ವರ್ಷ ಸ್ಕೂಟರಿನಲ್ಲೇ ತಿರುಗಿದರು. ಎರಡು ಸಾವಿರದ ಮೂರರ ಮಳೆಗಾಲದಲ್ಲಿ ಮೆಣಸೆಯ ಹತ್ತಿರ ತಿರುವಿನಲ್ಲಿ ಸ್ಕೂಟರು ಜಾರಿ ತಲೆಯ ಹಿಂಭಾಗ ರಸ್ತೆಗೆ ಬಡಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗೆದ್ದು ಬಂದರು. ಗಾಯ ಮಾಯಿತು. ಇನ್ನು ಸ್ಕೂಟರು ಮುಟ್ಟಕೂಡದೆಂದು ಹೆಂಡತಿ ದಾಕ್ಷಾಯಿಣಮ್ಮ ಹಟ ಹಿಡಿದದ್ದಕ್ಕೆ ಯಾರೋ ಓಡಿಸಿ ಬಿಟ್ಟ ಸಣ್ಣ ಕಾರೊಂದನ್ನು ಕೊಂಡರು.

ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಯಾವುದೂ ಹತ್ತಿರದ್ದು ಅನ್ನಿಸುತ್ತಿರಲಿಲ್ಲ. ಊಟಕ್ಕೆ ಕೂತರೆ ಮಣ್ಣು ತಿಂದ ಹಾಗಿರುತ್ತಿತ್ತು. ಮಾತ್ರೆಯ ದೆಸೆಯಿಂದ ಎಂದುಕೊಂಡರು. ಮಾತ್ರೆ ಮುಗಿದ ಮೇಲೆ, ವಯಸ್ಸಾಯಿತಲ್ಲ ಎಂದುಕೊಂಡರು. ಮಗಳು ಬಾಣಂತನಕ್ಕೆ ಬಂದಾಗ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸ್ವಲ್ಪ ಹೊತ್ತು ನೋಡಿ, ವಾಪಸು ಕೊಟ್ಟರು. ಯಾರದೋ ಮನೆಯ ಮಗುವನ್ನು ಹಿಡಿದುಕೊಂಡ ಹಾಗಿತ್ತು. ಹಾಗೆನ್ನಿಸಿದ್ದಕ್ಕೆ ದುಃಖವೂ ಆಗಲಿಲ್ಲ.

ಕಾರು ಮಾತ್ರ ವಿಪರೀತ ಪೆಟ್ರೋಲು ಕುಡಿಯುತ್ತಿತ್ತು. ಲೀಟರಿಗೆ ಹದಿನಾರು ಕಿಲೋಮೀಟರು ಗ್ಯಾರಂಟಿ ಎಂದು ಮಾರಿದವರು ಹೇಳಿದ್ದರು. ಇದು ಹತ್ತು ದಾಟುತ್ತಿರಲಿಲ್ಲ. ಬಾಳಗಡಿಯಲ್ಲಿ ಗ್ಯಾರೇಜು ಇಟ್ಟಿದ್ದ ಬೈರಪ್ಪ ಕಾರ್ಬೊರೇಟರ್ ಬಿಚ್ಚಿ ತೊಳೆದ, ಪ್ಲಗ್ಗು ಬದಲಾಯಿಸಿದ, ಏರ್ ಫಿಲ್ಟರ್ ಹೊಸದು ಹಾಕಿದ. ಜಾಕ್ ಕೊಟ್ಟು ಚಕ್ರ ತಿರುಗಿಸಿ, ಬ್ರೇಕೇನಾದರೂ ಹಿಡಿದುಕೊಂಡಿದೆಯೋ ಎಂದು ನೋಡಿದ. ಎಲ್ಲ ಸರಿಯಾಗೇ ಇತ್ತು.

“ಅಷ್ಟಷ್ಟೇ ಹಾಕ್ಸಿದ್ರೆ ಲೆಕ್ಕ ಸಿಕ್ಕಲ್ಲ ಮಾರಾಯ್ರೆ,” ಅಂದ ಬೈರಪ್ಪ. “ಒಂದ್ಸಲ ಫುಲ್ ಮಾಡ್ಸಿ ಮೀಟರ್ ನೋಡ್ಕಳಿ. ತಳ ಕಂಡ ಮೇಲೆ ಮತ್ತೆ ಫುಲ್ ಮಾಡ್ಸಿ, ಎಷ್ಟು ಹಿಡೀತು ಹೇಳಿ.”

ಹಾಗೇ ಮಾಡಿದರು. ಎಂಟಕ್ಕೆ ಇಳಿಯಿತು. ಆ ಟ್ಯಾಂಕೂ ಖಾಲಿಯಾಗುವ ಹೊತ್ತಿಗೆ ಹೋಗಿ ಹೇಳಿದಾಗ ಬೈರಪ್ಪ ತಲೆ ಕೆರೆದುಕೊಂಡ. ವೃಷಭೇಂದ್ರಪ್ಪನವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮತ್ತೆ ಟ್ಯಾಂಕು ತುಂಬಿಸಿಕೊಂಡು ಓಡಾಡಿದರು.

ದಾಕ್ಷಾಯಿಣಮ್ಮನಿಗೆ ಕಾರು ಅಂದರೆ ವಾಂತಿ. ಎಲ್ಲಿಗೇ ಹೋಗುವುದಿದ್ದರೂ ಬಸ್ಸಿನ ಕಿಟಕಿ ಪಕ್ಕವೇ ಆಗಬೇಕು. ಆದರೆ ಹರಿಹರಪುರದಲ್ಲಿ ನಂಟರ ಮನೆಯ ಗೃಹಪ್ರವೇಶಕ್ಕೆ ದೊಡ್ಡ ಹಿತ್ತಾಳೆ ಹಂಡೆಯನ್ನು ಉಡುಗೊರೆ ಒಯ್ಯಬೇಕಾಗಿ ಬಂದು, ಮೊದಲ ಸಲ ಆ ಕಾರು ಹತ್ತಿದರು. ಕೊಪ್ಪದಲ್ಲಿ ಟ್ಯಾಂಕು ತುಂಬಿಸಿ ಹೊರಟರು. ಪೇಟೆ ದಾಟಿ ಏರು ಹತ್ತುವಾಗ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ನಿಲ್ಸಿ. ಈ ಪಾಟಿ ಪೆಟ್ರೋಲ್ ವಾಸನೆ ಎಂತಕ್ಕೆ?”

“ಎಲ್ಲಿ?”

“ಎಲ್ಲಿ ಅಂದ್ರೆ? ಕಾರಿನೊಳಗೇ. ಕಣ್ಣು ಉರೀತಾ ಇದೆ.”

ವೃಷಭೇಂದ್ರಪ್ಪ ಕಾರು ನಿಲ್ಲಿಸಿ ಉಸಿರೆಳೆದು ನೋಡಿದರು. ಗಾಳಿ ಒಳಗೆ ಹೋಯಿತು, ಹೊರಗೆ ಬಂತು.

“ನಂಗೇನೂ ಬರ್ತಾ ಇಲ್ಲ.”

ಇಬ್ಬರೂ ಇಳಿದರು. ದಾಕ್ಷಾಯಿಣಮ್ಮ ಗಂಡನ ಮುಖವನ್ನೇ ನೋಡಿದರು. ಆಮೇಲೆ ಮುಡಿಯಿಂದ ಮಲ್ಲಿಗೆಯ ತುಂಡು ತೆಗೆದು ಅವರ ಮೂಗಿಗೆ ಹಿಡಿದರು.

“ಇದು?”

ಅವರು ಇಲ್ಲವೆಂದು ತಲೆಯಾಡಿಸಿದರು. ಕಾಣಿಕೆಯ ಚೀಲದಿಂದ ಕರ್ಪೂರದ ಪೊಟ್ಟಣ ಬಂತು. ಅದೂ ಇಲ್ಲ. ಕೊನೆಗೆ ದಾಕ್ಷಾಯಿಣಮ್ಮ ಬಗ್ಗಿ, ಹಿಂದಿನ ಚಕ್ರದ ಬಳಿ ಒದ್ದೆಯಾಗಿದ್ದ ತಗಡಿಗೆ ಬೆರಳು ಒತ್ತಿ ಅದನ್ನೇ ಹಿಡಿದರು. ಮೂಗಿನ ತುದಿಗೆ ತಣ್ಣಗೆ ತಾಗಿತು, ಅಷ್ಟೇ.

“ಯಾವಾಗಿಂದ ಹಿಂಗೆ?”

“ಗೊತ್ತಿಲ್ಲ.”

“ಬಿದ್ದಾಗಿಂದ್ಲೇ ಇರ್ಬೇಕು. ಅಡಿಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ನೀವು ಒಂದು ಮಾತು ಆಡಿ ಎಷ್ಟು ಕಾಲ ಆಯ್ತು. ನನ್ ಮೇಲೆ ಏನೋ ಮುನಿಸು ಅಂದ್ಕೊಂಡು ಸುಮ್ನಿದ್ದೆ.”

ಶೃಂಗೇರಿ ಕಡೆಯ ಬಸ್ಸು ಪಕ್ಕದಲ್ಲೇ ಹಾದುಹೋಯಿತು.

ಗಾಜು ಇಳಿಸಿಕೊಂಡು ಮೆಲ್ಲಗೆ ಬಾಳಗಡಿಗೆ ವಾಪಸಾದರು. ಬೈರಪ್ಪ ಕಾರಿನಡಿ ತೂರಿದವನು ಕೂಡಲೇ ಕೂಗಿದ. ಪೆಟ್ರೋಲು ಹಾಕುವ ಬಾಯಿಂದ ಟ್ಯಾಂಕಿಗೆ ಹೋಗುವ ರಬ್ಬರು ಪೈಪು ಬಿರಿದಿತ್ತು. ಟ್ಯಾಂಕು ತಳ ಹತ್ತಿದ್ದರೆ ಏನೂ ಇಲ್ಲ, ತುಂಬಿದಷ್ಟೂ ಪ್ರತಿ ಏರಿನಲ್ಲಿ ಹೆಚ್ಚು ಸೋರುತ್ತಿತ್ತು.

“ನನ್ಹತ್ರ ಬರೋವಾಗೆಲ್ಲ ಖಾಲಿ ಟ್ಯಾಂಕು, ನಂಗೆ ಕಾಣ್ಲಿಲ್ಲ,” ಅಂದ. “ನಿಮ್ಗೆ ವಾಸನೆ ಬಡೀಲಿಲ್ವ ಮಾರಾಯ್ರೆ? ಒಂದು ಕಿಡಿ ಸಾಕಿತ್ತಲ್ಲ.”

“ಇಲ್ಲ,” ಎಂದರು ವೃಷಭೇಂದ್ರಪ್ಪ. ಸತ್ತೇ ಹೋಗಬಹುದಿತ್ತು ಎಂಬುದು ಅವರಿಗೆ ತಿಳಿಯಿತು. ಎದೆ ಮಾತ್ರ ಹೊಡೆದುಕೊಳ್ಳಲಿಲ್ಲ.

ಪೈಪು ಹಾಕಿಸಿಕೊಂಡು ಹೋದಾಗ ಗೃಹಪ್ರವೇಶದಲ್ಲಿ ಕೊನೆಯ ಪಂಕ್ತಿ. ಹೋಳಿಗೆಗೆ ತುಪ್ಪ ಬಡಿಸಿದರು. ಅವರು ತಿಂದರು.

ಶಿವಮೊಗ್ಗದ ಮೂಗಿನ ಡಾಕ್ಟರು, ಬಿದ್ದ ಪೆಟ್ಟಿಗೆ ವಾಸನೆಯ ನರ ಕಡಿದಿದೆ, ಇಷ್ಟು ದಿನ ಬಾರದ್ದು ಇನ್ನು ಬರುವುದು ಕಷ್ಟ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ದಾಕ್ಷಾಯಿಣಮ್ಮ ಕಿಟಕಿಗೆ ಮುಖ ಮಾಡಿ ಅತ್ತರು. ವೃಷಭೇಂದ್ರಪ್ಪ ಅವರ ಕೈ ಹಿಡಿದುಕೊಂಡರು. ಹಿಡಿದುಕೊಳ್ಳಬೇಕು ಎಂದು ಗೊತ್ತಿತ್ತು.

ಕಾರು ಹದಿನಾರು ಕೊಡತೊಡಗಿತು. ನಾಲಿಗೆಗೆ ಹುಳಿ, ಖಾರ, ಉಪ್ಪು ತಿಳಿಯುತ್ತದೆಂದು ಡಾಕ್ಟರು ಹೇಳಿದ್ದರಿಂದ ಮನೆಯ ಅಡಿಗೆ ಖಾರವಾಯಿತು. ಅವರು ಶೃಂಗೇರಿಗೆ ಹೊರಡುವ ದಿನ ದಾಕ್ಷಾಯಿಣಮ್ಮ ಕಾರಿನ ಬಾಗಿಲು ತೆಗೆದು ಒಳಗೊಮ್ಮೆ ಮೂಸಿ, “ಏನೂ ಇಲ್ಲ, ಹೋಗಿ” ಅನ್ನುತ್ತಿದ್ದರು.

ಕೆಲವು ವರ್ಷ ಹಾಗೇ ನಡೆಯಿತು. ರೆಡಿಮೇಡ್ ಅಂಗಡಿಗಳು ಹೆಚ್ಚಾಗಿ ಟೈಲರುಗಳು ಕಡಿಮೆಯಾದ ಮೇಲೆ ವೃಷಭೇಂದ್ರಪ್ಪ ವ್ಯಾಪಾರ ನಿಲ್ಲಿಸಿ ಕಾರು ಮಾರಿದರು.